ಎಡಗಡೆ ಸೀಟಿನ ಮೂಟೆ

ಇದರಲ್ಲಿ ಕೆಲವು ವಿವರಗಳು ನನ್ನ ನೆನಪಿನಲ್ಲಿ ತಪ್ಪಾಗಿ ಕೂತಿರಬಹುದು. ಮೂಟೆಯ ಬಾಯಿ ಹೊಲಿದ ದಾರ ಕೆಂಪೋ ನೀಲಿಯೋ, ಪಾಳ್ಯದ ನಮ್ಮ ಮನೆಗೆ ಬಂದ ದಿನ ಚಿಕ್ಕಪ್ಪ ಟೋಪಿ ಹಾಕಿದ್ದರೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ಒಂದು ಚಿತ್ರ ಮಾತ್ರ ನಾನೊಬ್ಬಳೇ ಕಂಡದ್ದಲ್ಲ, ಸಕಲೇಶಪುರದ ಅರ್ಧ ಊರು ಕಂಡದ್ದು. ಮೇಲೆ ಹೊದಿಕೆಯಿಲ್ಲದ, ಕಡುಹಸಿರು ಬಣ್ಣದ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಬಲಗಡೆ ಸ್ಟಿಯರಿಂಗ್ ಹಿಡಿದು ಬೆನ್ನು ನೆಟ್ಟಗೆ ಮಾಡಿ ಕೂತ ಹೂವಣ್ಣ ಚಿಕ್ಕಪ್ಪ. ಎಡಗಡೆ ಸೀಟಿನಲ್ಲಿ ಬೆಲ್ಟ್ ಬಿಗಿಸಿಕೊಂಡು ಕೂತ ಒಂದು ಕಾಫಿ ಮೂಟೆ. ಮೂಟೆಯ ನೆತ್ತಿಯಲ್ಲಿ ಗುಳಿ ಮಾಡಿ ಇಟ್ಟ ಹಿತ್ತಾಳೆ ಚೊಂಬು, ಅದರ ಕಂಠದವರೆಗೂ ನೀರು.

ಆನೇಮಹಲ್‌ನ ಟೀ ಅಂಗಡಿಯವರು ಬಿಡುತ್ತಾರೆಯೇ? "ಏನ್ ಹೂವಣ್ಣ, ಅತ್ತಿಗೆಗೆ ಬೆಲ್ಟ್ ಹಾಕ್ಬುಟ್ಟಿದೀಯ, ಓಡೋಗ್ತಾರೆ ಅಂತ್ಲಾ?" ಎನ್ನುತ್ತಿದ್ದರು. ಚಿಕ್ಕಪ್ಪ ಚೊಂಬಿನ ಕಡೆ ಒಮ್ಮೆ ನೋಡಿ, "ಮೂಟೆಗೆ ಬಾಯಿಲ್ಲ ಕಣೋ, ಅದ್ಕೆ ಬೆಲ್ಟು. ಬಾಯಿರೋರಾದ್ರೆ ನಿಧಾನಕ್ಕೆ ಹೋಗಿ ಅಂತ ಅವ್ರೇ ಹೇಳ್ತಾರೆ," ಎಂದು ಗೇರು ಹಾಕುತ್ತಿದ್ದರು. ನಗುತ್ತಿದ್ದರೇ? ನಗುತ್ತಿದ್ದರು ಎಂದು ಬರೆದರೆ ಚೆನ್ನಾಗಿರುತ್ತದೆ. ನನಗೆ ನೆನಪಿಲ್ಲ.

ಅವರು ನನ್ನ ಸುಶೀಲ ಚಿಕ್ಕಮ್ಮನ ಗಂಡ. ಆದರೆ ಅವರಿಬ್ಬರೂ ಒಂದು ಸೂರಿನಡಿ ಇದ್ದುದನ್ನು ನಾನು ಬುದ್ಧಿ ಬಂದ ಮೇಲೆ ನೋಡಲಿಲ್ಲ. ಚಿಕ್ಕಮ್ಮ ಪಾಳ್ಯದ ತವರುಮನೆಯಲ್ಲಿ, ಅಲ್ಲಿಯ ಅಂಗನವಾಡಿಯ ಟೀಚರ್. ಚಿಕ್ಕಪ್ಪ ಆನೇಮಹಲ್‌ನಲ್ಲಿ, ಹೆದ್ದಾರಿ ಪಕ್ಕದ ತಗಡಿನ ಶೆಡ್ಡಿನಲ್ಲಿ, ಜೀಪುಗಳ ಸ್ಪ್ರಿಂಗ್ ಕೆಲಸ ಮಾಡಿಕೊಂಡು. ಎಂ.ಎ. ಮುಗಿಸಿ ಆಲೂರಿನ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ ಮೇಲೆ ನಾನು ಚಿಕ್ಕಮ್ಮನ ಜೊತೆಗಿದ್ದೆ, ಭಾನುವಾರ ಶೆಡ್ಡಿಗೆ ಹೋಗುತ್ತಿದ್ದೆ. ಎಲ್ಲಿಗೆ ಹೊರಟೆ ಎಂದು ಚಿಕ್ಕಮ್ಮ ಕೇಳುತ್ತಿರಲಿಲ್ಲ. ಅವತ್ತು ಮಾತ್ರ ಅಕ್ಕಿರೊಟ್ಟಿ ಅಳತೆ ಮೀರುತ್ತಿತ್ತು. "ಹಿಟ್ಟು ಜಾಸ್ತಿ ಆಗ್ಬುಡ್ತು. ತಗಂಡೋಗು, ದಾರೀಲಿ ಯಾರಿಗಾದ್ರೂ ಆಗ್ತೈತೆ," ಎಂದು ಡಬ್ಬಿ ಕೊಡುತ್ತಿದ್ದಳು. ಚಿಕ್ಕಪ್ಪ ಡಬ್ಬಿ ತೆಗೆದು, ಎಣ್ಣೆಗೈಯನ್ನು ಮೊಣಕೈವರೆಗೂ ಉಜ್ಜಿ ತೊಳೆದು, ತಿಂದು, ಖಾಲಿ ಡಬ್ಬಿಯನ್ನು ಹುಣಸೇಹಣ್ಣು ಹಾಕಿ ತಿಕ್ಕಿ ವಾಪಸು ಕೊಡುತ್ತಿದ್ದರು. ಆ ಡಬ್ಬಿಯಷ್ಟು ಹೊಳಪಿನ ಪಾತ್ರೆ ನಮ್ಮ ಮನೆಯಲ್ಲಿ ಬೇರೆ ಇರಲಿಲ್ಲ.

ಅವರ ಕೈಯಲ್ಲಿ ಒಂದು ವಿದ್ಯೆಯಿತ್ತು. ಜೀಪಿನ ಹಿಂದಿನ ಗಾಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ಸ್ಪ್ರಿಂಗಿಗೂ ಮೇಲಿನ ಚಾಸಿಗೂ, ಅಂದರೆ ಗಾಡಿಯ ಚೌಕಟ್ಟಿಗೂ, ನಡುವೆ ಇರುವ ಸಂದಿಯಲ್ಲಿ ಎರಡು ಬೆರಳು ತೂರಿಸಿ, ಒಳಗೆ ಎಷ್ಟು ಭಾರವಿದೆ ಎಂದು ಹೇಳುತ್ತಿದ್ದರು. "ಒಂಬತ್ತು ಮೂಟೆ, ಮೇಲೊಬ್ಬ ಆಳು. ಆಳು ಬಡಕಲ." ಡ್ರೈವರ್ ಹಿಂದಕ್ಕೆ ತಿರುಗಿ ನೋಡಿದರೆ ಮೂಟೆಗಳ ಮೇಲೆ ಬಡಕಲ ಆಳೊಬ್ಬ ಕೂತಿರುತ್ತಿದ್ದ. ಒಮ್ಮೆ ನಾನು ಸ್ಕೂಟರಿನಿಂದ ಇಳಿಯುವ ಮೊದಲೇ ಸಂದಿಗೆ ಕಣ್ಣು ಹಾಯಿಸಿ, "ಪರೀಕ್ಷೆ ಪೇಪರ್ ತಂದಿದೀಯ ಮಗ, ನಾಕು ಕೆಜಿ ಜಾಸ್ತಿ ಐತೆ," ಎಂದಿದ್ದರು. ಬ್ಯಾಗಿನಲ್ಲಿ ತಿದ್ದಬೇಕಾದ ಉತ್ತರಪತ್ರಿಕೆಗಳಿದ್ದವು. ಅವರಿಗೆ ಗೊತ್ತಿತ್ತೋ, ಸುಮ್ಮನೆ ಊಹಿಸಿದರೋ ಹೇಳಲಾರೆ. ಜೀಪಿನ ವಿಷಯದಲ್ಲಂತೂ ಊಹೆ ಇರಲಿಲ್ಲ.

ಇಬ್ಬರೂ ಬೇರೆಯಾದ ಕಥೆ ನಮ್ಮ ಮನೆಯಲ್ಲಿ ಯಾರೂ ಕುಳಿತು ಹೇಳಿದ್ದಲ್ಲ. ತುಂಡು ತುಂಡಾಗಿ ಸಿಕ್ಕಿದ್ದನ್ನು ನಾನು ಜೋಡಿಸಿದ್ದು, ಜೋಡಣೆ ನನ್ನದು. ಮದುವೆಯಾದಾಗ ಚಿಕ್ಕಪ್ಪ ಒಂದು ಎಸ್ಟೇಟಿನಲ್ಲಿ ಡ್ರೈವರೂ ಮೆಕ್ಯಾನಿಕ್ಕೂ ಆಗಿದ್ದರು. ಕಾಫಿ ಕುಯ್ಲಿನ ಕಾಲಕ್ಕೆ ಜೀಪಿನ ಹಿಂದಿನ ಸ್ಪ್ರಿಂಗಿಗೆ, ಅಂದರೆ ಬಿಲ್ಲಿನಂತೆ ಬಾಗಿಸಿ ಒಂದರ ಮೇಲೊಂದು ಕಟ್ಟಿದ ಉಕ್ಕಿನ ಪಟ್ಟಿಗಳಿಗೆ, ಇನ್ನೂ ಒಂದು ಪಟ್ಟಿ ಸೇರಿಸುವುದು ಇಲ್ಲಿನ ರೂಢಿ. ಮೂಟೆ ಹೇರಿದಾಗ ಜೀಪು ಕುಸಿಯುವುದಿಲ್ಲ. ಖಾಲಿ ಇದ್ದಾಗ ಮಾತ್ರ ಪ್ರತಿ ಕಲ್ಲೂ ಸೊಂಟಕ್ಕೆ ಬಡಿಯುತ್ತದೆ. ಕುಯ್ಲು ಮುಗಿದರೂ ಆ ವರ್ಷ ಪಟ್ಟಿ ಬಿಚ್ಚಿರಲಿಲ್ಲ. "ನಾಳೆ ಬಿಚ್ಚಾನ, ನಾಳೆ ಬಿಚ್ಚಾನ ಅಂತ ಬುಟ್ಟೆ," ಎಂದು ಚಿಕ್ಕಪ್ಪನೇ ಒಮ್ಮೆ ಹೇಳಿದ್ದು. ಐದು ತಿಂಗಳ ಗರ್ಭಿಣಿ ಚಿಕ್ಕಮ್ಮನನ್ನು ಅದೇ ಖಾಲಿ ಜೀಪಿನಲ್ಲಿ ಎಸ್ಟೇಟ್ ರಸ್ತೆಯಲ್ಲಿ ಕರೆದುಕೊಂಡು ಬಂದರು. ಎರಡು ದಿನ ಕಳೆದು ಮಗು ಹೋಯಿತು. ಜೀಪಿಗೂ ಇದಕ್ಕೂ ಸಂಬಂಧವಿಲ್ಲ, ಮಗು ಮೊದಲೇ ಬೆಳವಣಿಗೆ ನಿಲ್ಲಿಸಿತ್ತು ಎಂದು ಡಾಕ್ಟರು ಹೇಳಿದರಂತೆ. ಚಿಕ್ಕಮ್ಮ ಅದನ್ನು ಒಪ್ಪಿದಳೋ ಇಲ್ಲವೋ ಯಾರಿಗೂ ತಿಳಿಯದು. ಚಿಕ್ಕಪ್ಪ ಒಪ್ಪಲಿಲ್ಲ. ಚಿಕ್ಕಮ್ಮ ಬಾಣಂತನದ ಹಾಗೆ ಆರೈಕೆಗೆ ತವರಿಗೆ ಬಂದಳು, ತಿರುಗಿ ಹೋಗಲಿಲ್ಲ. ಜಗಳವಾಗಲಿಲ್ಲ, ಪಂಚಾಯ್ತಿಯಾಗಲಿಲ್ಲ. ಚಿಕ್ಕಪ್ಪ ಕರೆಯಲು ಬರಲಿಲ್ಲ. ಅಷ್ಟೇ.

ಕಾರಿನ ಹುಚ್ಚು ಶುರುವಾದದ್ದು ಬಹಳ ತಡವಾಗಿ, ಅವರ ತಲೆ ಪೂರ್ತಿ ನೆರೆತ ಮೇಲೆ. ಒಂದು ಭಾನುವಾರ ಮೊಬೈಲು ನನ್ನ ಕೈಗಿಟ್ಟು, "ಇದ್ರಾಗೆ ಏನು ಬರ್ದವ್ರೆ ಓದೇಳವ್ವ," ಎಂದರು. ಕೊಯಮತ್ತೂರಿನ ಕಡೆಯ ಒಂದು ಸಣ್ಣ ಕಾರ್ಖಾನೆ. ಹಳೆಯ ಕಾಲದ ವಿದೇಶಿ ಸ್ಪೋರ್ಟ್ಸ್ ಕಾರುಗಳ ತದ್ರೂಪುಗಳನ್ನು ಬಿಡಿಬಿಡಿಯಾಗಿ ಮಾಡಿಕೊಡುತ್ತಾರೆ, ಜೋಡಿಸಿಕೊಳ್ಳುವುದು ನಮ್ಮ ಕೆಲಸ. ಚಿತ್ರದಲ್ಲಿದ್ದ ಹಸಿರು ಕಾರನ್ನು ಬೆರಳಿನಿಂದ ದೊಡ್ಡದು ಮಾಡಿ ತೋರಿಸಿದರು. "ಇಂಥದ್ದೇ ಒಂದಿತ್ತು. ಧಣಿಗಳ ನೆಂಟ್ರು ಯಾರೋ ಎಸ್ಟೇಟಿಗೆ ತಂದಿದ್ರು. ನಾನು ತೊಳೀತಿದ್ದೆ. ನಿಮ್ ಚಿಕ್ಕಮ್ಮ ಆಳುಗಳ ಲೈನ್ ಮನೆ ಕಡೆಯಿಂದ ಬಂದು ನೋಡ್ತಾ ನಿಂತ್ಕಂಡ್ಳು. ಸೆರಗಲ್ಲಿ ಸೀಟು ಒರೆಸಿದ್ಲು. ಕೂತ್ಕ ಅಂದೆ. ಊಹೂಂ. ಬೇರೇರ್ ಕಾರಲ್ಲಿ ನಾನ್ಯಾಕೆ ಕೂರ್ಲಿ, ನಿಮ್ದು ಅಂತ ಒಂದಾದಾಗ ಕೂರ್ತೀನಿ ಅಂದ್ಬುಟ್ಳು."

ಮದುವೆಯಾದ ಹೊಸತರಲ್ಲಿ ನಗುತ್ತ ಆಡಿದ ಮಾತು. ಅದನ್ನು ಇಷ್ಟು ವರ್ಷ ಒಬ್ಬ ಮನುಷ್ಯ ಇಟ್ಟುಕೊಂಡಿದ್ದ.

ಚಿಕ್ಕಪ್ಪನಿಗೆ ಕಾರು ಆರಿಸಲು ಅರೆಗಳಿಗೆ ಸಾಕಾಯಿತು. ಚಾಸಿ ಆರಿಸಲು ಎರಡು ತಿಂಗಳು ಹಿಡಿಯಿತು. ಒಂದು, ಏಣಿಯ ಹಾಗೆ ಎರಡು ಉದ್ದನೆಯ ತೊಲೆ, ನಡುವೆ ಅಡ್ಡಪಟ್ಟಿ. ಮೂಲ ಕಾರಿಗೆ ಇದ್ದದ್ದು ಅದೇ. ಇನ್ನೊಂದು, ಸಣ್ಣ ಪೈಪುಗಳನ್ನು ಜೇಡರ ಬಲೆಯಂತೆ ಬೆಸೆದದ್ದು. ಹಗುರ, ಆದರೆ ತಿರುಚಿದರೆ ಜಗ್ಗುವುದಿಲ್ಲ. ಬೆಲೆಯೂ ಜಾಸ್ತಿ. ಮೂಲದಂತೆ ಇರಬೇಕಾದರೆ ಏಣಿಯೇ ಸರಿಯಲ್ಲವೇ ಎಂದು ನಾನು ಓದಿದವಳ ಗತ್ತಿನಲ್ಲಿ ಕೇಳಿದೆ. ಅವರು ಶೆಡ್ಡಿನ ಮೂಲೆಯಲ್ಲಿದ್ದ ಹಗ್ಗದ ಮಂಚ ತೋರಿಸಿದರು. "ಚೌಕಟ್ಟು ಅಲ್ಲಾಡ್ತಿದ್ರೆ ಹಗ್ಗ ಬಿಗಿಯಾಗಿ ಕಟ್ಬೇಕಾಯ್ತದೆ, ಬೆನ್ನಿಗೆ ಒತ್ತುತ್ತೆ. ಚೌಕಟ್ಟು ಗಟ್ಟಿಗಿದ್ರೆ ಹಗ್ಗ ಸಡಿಲ ಬುಡ್ಬೋದು. ಕಾರೂ ಅಷ್ಟೇಯ. ಚಾಸಿ ಗಟ್ಟಿಯಾದಷ್ಟೂ ಸ್ಪ್ರಿಂಗು ಮೆತ್ತಗೆ ಮಾಡ್ಬೋದು." ಪೈಪಿನದೇ ಆಯಿತು.

ಆಮೇಲೆ ಸಸ್ಪೆನ್ಶನ್. ಇಲ್ಲಿ ಅವರು ನಿಜವಾಗಿ ಒದ್ದಾಡಿದರು. ಮೂಲ ಕಾರಿಗೆ ಹಿಂದೆ ಇದ್ದದ್ದು ಜೀಪಿನಂಥದೇ ಪಟ್ಟಿಯ ಸ್ಪ್ರಿಂಗು. ಅದನ್ನು ಅವರು ಕಣ್ಣು ಮುಚ್ಚಿ ಬಿಚ್ಚಿ ಕಟ್ಟಬಲ್ಲರು, ಮುರಿದರೆ ಸಕಲೇಶಪುರದಲ್ಲೇ ಸಿಗುತ್ತದೆ. ಇನ್ನೊಂದು ಆಯ್ಕೆಯಲ್ಲಿ ಸುರುಳಿ ಸ್ಪ್ರಿಂಗು, ಒಂದೊಂದು ಚಕ್ರಕ್ಕೂ ಅದರದೇ ತೋಳು. ಬಲಗಾಲಿ ಗುಂಡಿಗೆ ಬಿದ್ದರೆ ಎಡಗಾಲಿಗೆ ಗೊತ್ತಾಗುವುದಿಲ್ಲ. ಅಂಥದ್ದನ್ನು ಅವರು ಕೈಯಲ್ಲಿ ಮುಟ್ಟಿರಲಿಲ್ಲ. ಮೂರು ಭಾನುವಾರ ನನ್ನಿಂದ ಅದೇ ಪುಟ ಓದಿಸಿದರು. ಅದೇ ವಾರಗಳಲ್ಲಿ ಬಿದಿರು ಗಳದ ಮೇಲೆ ಗೀಟು ಹಾಕಿಕೊಂಡು ರಸ್ತೆಯ ಹಂಪುಗಳ ಎತ್ತರ, ಗುಂಡಿಗಳ ಆಳ ಅಳೆದು ಬಂದರು. ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಆ ಪಟ್ಟಿಯನ್ನು ನಾನು ಓದುತ್ತ ಹೋದೆ. ಶಾಲೆ ಮುಂದಿನ ಹಂಪು, ಸೇತುವೆ ಸೇರುವಲ್ಲಿ, ಆಲದ ಮರದ ತಿರುವು, ಅಂಗನವಾಡಿ ಎದುರಿನ ಗುಂಡಿ. ಮಂಗಳೂರು ಕಡೆಯ ಒಂದು ಹಂಪೂ ಅದರಲ್ಲಿರಲಿಲ್ಲ. ಎಲ್ಲವೂ ಆನೇಮಹಲ್‌ನಿಂದ ಪಾಳ್ಯದ ನಮ್ಮ ಮನೆ ಗೇಟಿನವರೆಗಿನವು.

ನಾನು ನೋಡುತ್ತಿರುವುದನ್ನು ನೋಡಿ ಅವರು ಹೇಳಿದರು: "ಪಟ್ಟಿ ಬ್ಯಾಡ ಕಣವ್ವ. ಸುರುಳೀದೇ ಹಾಕ್ಸು. ನೋಡೋರಿಗೆ ಅದೇ ಕಾರು ಅನ್ನಿಸ್ಬೇಕು, ಕೂತೋರಿಗೆ ಅನ್ನಿಸ್ಬಾರ್ದು."

ಕೊನೆಗೆ ಒಂದು ಫಾರಂ ಬಂತು. ಸ್ಪ್ರಿಂಗಿನ ಬಿಗಿ ಲೆಕ್ಕ ಹಾಕಲು ಕಾರ್ಖಾನೆಯವರಿಗೆ ತೂಕ ಬೇಕಿತ್ತು. ನಾನು ಒಂದೊಂದೇ ಓದಿ ಟೈಪ್ ಮಾಡಿದೆ. ಓಡಿಸುವವರ ತೂಕ? "ಅರವತ್ನಾಕು." ಹೆಚ್ಚಾಗಿ ಒಬ್ಬರೇ ಓಡಿಸುತ್ತೀರೋ, ಪಕ್ಕದಲ್ಲಿ ಯಾರಾದರೂ ಇರುತ್ತಾರೋ? ಚಿಕ್ಕಪ್ಪ ಹೆದ್ದಾರಿಯ ಕಡೆ ನೋಡಿದರು. ಎರಡು ಟ್ಯಾಂಕರ್ ಹೋದವು. "ಇರ್ತಾರೆ ಅಂತ ಹಾಕು." ಪಕ್ಕದವರ ತೂಕ? ಈ ಸಲ ತಡವೇ ಆಗಲಿಲ್ಲ. "ಐವತ್ತೆರಡು."

ಎಸ್ಟೇಟುಗಳಲ್ಲಿ ಕುಯ್ಲಿನ ಕೊನೆಯ ದಿನ ಒಂದು ತಮಾಷೆ ನಡೆಯುತ್ತದೆ. ಐವತ್ತು ಕೆಜಿಯ ಕಡೇ ಮೂಟೆ ತೂಗಿ ಆದ ಮೇಲೆ ಸ್ಟೋರಿನ ಕಾಟಾದ ಮೇಲೆ ಜನರೂ ಒಬ್ಬೊಬ್ಬರಾಗಿ ನಿಲ್ಲುತ್ತಾರೆ, ಲೆಕ್ಕ ಬರೆಯುವ ರೈಟರು ಮೂಟೆಗೆ ಕೂಗಿದ ಹಾಗೇ ತೂಕ ಕೂಗುತ್ತಾನೆ. ಚಿಕ್ಕಮ್ಮ ಮದುವೆಯಾಗಿ ಬಂದ ವರ್ಷ ಅವಳನ್ನೂ ಹೆಂಗಸರು ತಳ್ಳಿ ನಿಲ್ಲಿಸಿದ್ದರಂತೆ. "ಐವತ್ತೆರಡು," ಎಂದು ಕೂಗಿ ರೈಟರು, "ಹೂವಣ್ಣ, ಮೂಟೆ ಮೇಲೆ ಎರಡು ಕೆಜಿ ಲಾಭ ಕಣಯ್ಯ ನಿಂಗೆ," ಎಂದಿದ್ದನಂತೆ. ಇದನ್ನು ಚಿಕ್ಕಪ್ಪ ನನಗೆ ಹೇಳುವಾಗ ರೈಟರನ ದನಿಯನ್ನೂ ಅನುಕರಿಸಿದರು.

ಈಗ ನನ್ನ ತಪ್ಪು. ಆ ತಿಂಗಳಷ್ಟೇ ಚಿಕ್ಕಮ್ಮ, ಅಂಗನವಾಡಿಯಲ್ಲಿ ಗರ್ಭಿಣಿಯರನ್ನು ತೂಗುವ ಮಿಷನ್ನಿನ ಮೇಲೆ ತಾನೂ ನಿಂತು ಬಂದು, "ಅರವತ್ತೇಳು ಆಗ್ಬುಟ್ಟಿದೀನಿ ಕಣೇ, ಅನ್ನ ಬುಡ್ಬೇಕು," ಎಂದು ನಗೆಯಾಡಿದ್ದಳು. ನನಗೆ ಗೊತ್ತಿತ್ತು. ಹೇಳಬಹುದಿತ್ತು. ಬೆರಳಿಟ್ಟು ಭಾರ ಹೇಳುವ ಮನುಷ್ಯ ಇಪ್ಪತ್ತು ವರ್ಷ ಹಿಂದಿನ ತೂಕಕ್ಕೆ ಸ್ಪ್ರಿಂಗು ಮಾಡಿಸುತ್ತಿದ್ದ. ನಾನು ಐವತ್ತೆರಡು ಎಂದೇ ಟೈಪ್ ಮಾಡಿ ಕಳಿಸಿದೆ. ಅವರ ನೆನಪನ್ನು ಕೆಡಿಸಬಾರದು ಎಂದುಕೊಂಡೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಬಹುಶಃ ಆ ಸೀಟಿನಲ್ಲಿ ಯಾರೂ ಕೂರುವುದಿಲ್ಲ, ಯಾವ ತೂಕವಾದರೇನು ಎಂದುಕೊಂಡಿದ್ದೆ. ಎರಡನೆಯದೇ ನಿಜವಿರಬೇಕು.

ಕಾರಿನ ಬಿಡಿಭಾಗಗಳ ಡಬ್ಬಗಳು ಬಂದವು, ಚಿಕ್ಕಪ್ಪ ಒಬ್ಬರೇ ಜೋಡಿಸಿದರು. ಆರ್‌ಟಿಒ ಕಾಗದಗಳ ಕಥೆ ಬೇರೆಯೇ ಒಂದು ವರ್ಷದ್ದು, ಅದನ್ನಿಲ್ಲಿ ಬರೆಯುವುದಿಲ್ಲ. ಕಾರು ಇಬ್ಬರ ಭಾರಕ್ಕೆ ಹದ ಮಾಡಿದ್ದು, ಒಬ್ಬರೇ ಕೂತರೆ ಬಲಕ್ಕೆ ಒಂದಿಷ್ಟು ವಾಲುತ್ತಿತ್ತು. ಅದಕ್ಕೇ ಮೂಟೆ. ಐವತ್ತು ಕೆಜಿ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, ಮೇಲೆ ಎರಡು ಕೆಜಿ ತೂಗುವ ಹಳೇ ಸ್ಪ್ರಿಂಗ್ ಪಟ್ಟಿಯ ತುಂಡು. ಆ ತುಂಡು ಅದೇ ಜೀಪಿನ ಪಟ್ಟಿಯದು ಎಂದು ಬರೆಯಲು ಕೈ ತುರಿಸುತ್ತದೆ. ಗೊತ್ತಿಲ್ಲ, ಶೆಡ್ಡಿನ ತುಂಬ ಅಂಥ ತುಂಡುಗಳಿದ್ದವು. ಪ್ರತಿ ದಿನ ಬೆಳಿಗ್ಗೆ ಸ್ವಲ್ಪ ದೂರ ಓಡಿಸುವುದು, ವಾಪಸು ಬಂದು ಚೊಂಬಿನಲ್ಲಿ ಎಷ್ಟು ನೀರು ಚೆಲ್ಲಿದೆ ನೋಡುವುದು, ಶಾಕ್ ಅಬ್ಸಾರ್ಬರಿನ ತಿರುಪನ್ನು ಒಂದು ಹಲ್ಲು ತಿರುಗಿಸುವುದು, ಗೋಡೆಯ ಮೇಲೆ, ಹಂಪುಗಳ ಪಟ್ಟಿಯ ನೆತ್ತಿಗೆ ಬರೆದಿದ್ದ ಐವತ್ತೆರಡರ ಕೆಳಗೆ, ಬರೆಯುವುದು. ಏಳೆಂಟು ತಿಂಗಳು ಹೀಗೆ. "ಸಾಕು ಹೋಗಿ ಕರೀರಿ ಚಿಕ್ಕಪ್ಪ," ಎಂದೆ ಒಮ್ಮೆ. "ಆಲದ ಮರದ ತಿರುವಲ್ಲಿ ಇನ್ನೂ ಚೆಲ್ತಾ ಐತೆ," ಎಂದರು.

ಒಂದು ಬೆಳಿಗ್ಗೆ ಬಂದರು. ಭಾನುವಾರವಲ್ಲ, ನನಗೆ ಕಾಲೇಜಿಗೆ ರಜೆಯಿತ್ತು. ಶಬ್ದ ಕೇಳಿ ನಾನು ಓಡಿ ಹೊರಗೆ ಹೋದೆ. ಚಿಕ್ಕಮ್ಮ ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೈಯಲ್ಲಿ ಹಿಡಿದುಕೊಂಡೇ ಗೇಟಿನವರೆಗೆ ಬಂದಳು. ಚೊಂಬಿನ ನೀರು ಕಂಠದವರೆಗೂ ಇತ್ತು, ಒಂದು ತೊಟ್ಟೂ ಚೆಲ್ಲಿರಲಿಲ್ಲ. ಹೀಗೆಂದು ನನ್ನ ನೆನಪು ಹೇಳುತ್ತದೆ, ನಾನು ಅದನ್ನು ಅಷ್ಟಾಗಿ ನಂಬುವುದಿಲ್ಲ. ಚಿಕ್ಕಪ್ಪ ಇಳಿದು, ಸುತ್ತಿ ಬಂದು, ಚೊಂಬನ್ನು ಎತ್ತಿ ಕಲ್ಲಿನ ಮೇಲಿಟ್ಟು, ಬೆಲ್ಟ್ ಬಿಚ್ಚಿ, ಮೂಟೆಯನ್ನು ತಬ್ಬಿ ಎತ್ತಿ ನಮ್ಮ ಜಗಲಿಯ ಮೇಲಿಟ್ಟರು. ಸೀಟಿನ ಮೇಲೆ ಉದುರಿದ್ದ ಕಾಫಿ ಹೊಟ್ಟನ್ನು ಟವೆಲಿನಿಂದ ಒರೆಸಿದರು. ಆಮೇಲೆ ಏನು ಮಾಡಬೇಕೆಂದು ತಿಳಿಯದವರಂತೆ ಟವೆಲನ್ನು ಮಡಿಸಿದರು, ಮತ್ತೆ ಬಿಚ್ಚಿ ಮಡಿಸಿದರು.

"ಇದು ನಂದೇಯ," ಎಂದರು.

ಚಿಕ್ಕಮ್ಮ ಕಾರನ್ನು ಮುಂದಿನಿಂದ ಹಿಂದಿನವರೆಗೆ ನೋಡಿದಳು. "ನೆಲಕ್ಕೇ ಕೂತಂಗೈತಲ್ಲ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನಿಂತ್ಕಂಡು ಏನ್ ನೋಡ್ತೀಯೆ, ನಿಮ್ ಚಿಕ್ಕಪ್ಪಂಗೆ ಕಾಫಿ ಕಾಯ್ಸ್ಕಂಡ್ ಬಾ," ಎಂದು ಮೊರವನ್ನು ನನ್ನ ಕೈಗೆ ಕೊಟ್ಟಳು.

ಹಾಲು ಕಾಯಲು ಎಷ್ಟು ಹೊತ್ತು ಬೇಕು? ಆ ಹೊತ್ತಿನಲ್ಲಿ ಹೊರಗಿನಿಂದ ಒಂದು ಟಕ್ ಶಬ್ದ ಕೇಳಿತು, ಸ್ವಲ್ಪ ಬಿಟ್ಟು ಇನ್ನೊಂದು. ಕಾರಿನ ಬಾಗಿಲೋ ಗೇಟಿನ ಚಿಲಕವೋ ನನಗೆ ತಿಳಿಯಲಿಲ್ಲ. ಲೋಟ ಹಿಡಿದು ಬಂದಾಗ ಚಿಕ್ಕಮ್ಮ ಗೇಟಿನ ಹತ್ತಿರ ಮೊದಲು ನಿಂತಿದ್ದಲ್ಲೇ ನಿಂತಿದ್ದಳು. ಚಿಕ್ಕಪ್ಪ ಮುಂದಿನ ಎಡಗಾಲಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದರು. ನನ್ನನ್ನು ಕಂಡು ಎದ್ದು, ನಿಂತೇ ಕಾಫಿ ಕುಡಿದು, ಲೋಟವನ್ನು ತೊಟ್ಟಿಯ ನೀರಿನಲ್ಲಿ ತಾವೇ ತೊಳೆದಿಟ್ಟರು. "ಬರ್ತೀನಿ," ಎಂದರು. "ಹೂಂ. ನಿಧಾನಕ್ಕೆ ಹೋಗಿ," ಎಂದಳು ಚಿಕ್ಕಮ್ಮ. ಕಾರು ಬಲಕ್ಕೆ ಒಂದಿಷ್ಟು ವಾಲಿಕೊಂಡು ತಿರುವಿನಲ್ಲಿ ಮರೆಯಾಯಿತು. ಮೂಟೆ ಜಗಲಿಯ ಮೇಲೇ ಉಳಿಯಿತು. ಡೈರಿಯಲ್ಲಿ ಆ ದಿನಕ್ಕೆ ನಾನು ಬರೆದಿರುವುದು ಒಂದೇ ಸಾಲು: "ಚಿಕ್ಕಪ್ಪ ಬಂದಿದ್ದರು. ಕಾಫಿ ಕುಡಿದರು."

ಅದೇ ಕೊನೆಯ ಭೇಟಿ. ಮುಂದಿನ ಎರಡು ಭಾನುವಾರ ನನಗೆ ಪರೀಕ್ಷೆಯ ಕೆಲಸ. ಮೂರನೆಯ ವಾರ ಫೋನು ಬಂತು. ಮಧ್ಯಾಹ್ನ ಊಟ ಮಾಡಿ ಹಗ್ಗದ ಮಂಚದ ಮೇಲೆ ಒರಗಿದವರು ಏಳಲಿಲ್ಲ.

ತಿಥಿಯೆಲ್ಲ ಮುಗಿದ ಮೇಲೆ ಶೆಡ್ಡಿಗೆ ಬೀಗ ಹಾಕಲು ನಾನು ಹೋದೆ. ಕಾರಿಗೆ ಟಾರ್ಪಾಲು ಹೊದಿಸಿತ್ತು. ಗೋಡೆಯ ಮೇಲೆ ಹಂಪುಗಳ ಪಟ್ಟಿ ಹಾಗೇ ಇತ್ತು. ಅದರ ಮೇಲ್ಭಾಗದಲ್ಲಿ, ತಿಂಗಳುಗಟ್ಟಲೆ ನಾನು ನೋಡಿದ್ದ ಐವತ್ತೆರಡನ್ನು ಒಂದು ಗೀಟು ಎಳೆದು ಹೊಡೆದುಹಾಕಿದ್ದರು. ಪಕ್ಕದಲ್ಲಿ ಹೊಸ ಸೀಮೆಸುಣ್ಣದ ಬಿಳಿ ಅಂಕಿ: ಅರವತ್ತೇಳು.

ನಾನೇ ಎಂದಾದರೂ ಬಾಯಿತಪ್ಪಿ ಹೇಳಿದ್ದೆನೇ? ಬಹಳ ಸಲ ಹುಡುಕಿದ್ದೇನೆ. ಹೇಳಿದ ನೆನಪಿಲ್ಲ. ಆದರೆ ನನ್ನ ನೆನಪಿನ ಮಾತು ಎಷ್ಟರದು ಎಂದು ಮೊದಲೇ ಒಪ್ಪಿಕೊಂಡಿದ್ದೇನೆ.

ಮೂಟೆ ಈಗ ಚಿಕ್ಕಮ್ಮನ ಕೋಣೆಯಲ್ಲಿದೆ. ಮಂಚದ ಎಡಗಡೆ ಗೋಡೆಗೆ ಒರಗಿಸಿದ್ದಾಳೆ, ಹುಳು ಹಿಡಿಯುತ್ತದೆ ಎಂದರೂ ಬಿಚ್ಚಲು ಬಿಡುವುದಿಲ್ಲ. ಭಾನುವಾರದ ರೊಟ್ಟಿ ಈಗಲೂ ಎರಡು ಮೂರು ಹೆಚ್ಚೇ ಆಗುತ್ತದೆ, ನಾವಿಬ್ಬರೂ ಸಂಜೆಗೆ ಅದನ್ನೇ ಬಿಸಿ ಮಾಡಿ ತಿನ್ನುತ್ತೇವೆ. ಹೋದ ಭಾನುವಾರ ಅವಳು ಹಿಟ್ಟು ತಟ್ಟುತ್ತಿದ್ದಾಗ ಧೈರ್ಯ ಮಾಡಿ ಕೇಳಿದೆ. ತಟ್ಟುತ್ತಿದ್ದ ಕೈ ನಿಂತಿತು. ಆಮೇಲೆ ಆ ರೊಟ್ಟಿಯನ್ನು ಹೆಂಚಿಗೆ ಹಾಕಿ, ಮುಂದಿನ ಉಂಡೆ ತೆಗೆದುಕೊಂಡಳು. ಇವತ್ತು ಶುಕ್ರವಾರ, ನಾನಿನ್ನೂ ಕಾಯುತ್ತಿದ್ದೇನೆ. ಕೇಳಿದ್ದು ಇಷ್ಟೇ:

"ಚಿಕ್ಕಮ್ಮ, ಅವತ್ತು ನಾನು ಒಳಗೆ ಕಾಫಿ ಕಾಯಿಸ್ತಿದ್ದಾಗ, ನೀನು ಆ ಸೀಟಲ್ಲಿ ಕೂತಿದ್ಯಾ?"